ವರನ ಮನೆಯ ಅಪ್‌ಲೋಡ್ ಸ್ಪೀಡು

ವರನ ಜಾತಕ ಕೇಳುವ ಮೊದಲು ವರನ ಮನೆಯ ಅಡುಗೆಕೋಣೆಯಲ್ಲಿ ಅಪ್‌ಲೋಡ್ ಸ್ಪೀಡು ಎಷ್ಟು ಬರುತ್ತದೆ ಎಂದು ಕೇಳಿದ ಭೂಲೋಕದ ಮೊಟ್ಟಮೊದಲ ಹೆಣ್ಣಿನ ತಂದೆ ನಮ್ಮ ಮಾಮ! ಬೇಕಾದರೆ ಇದನ್ನು ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇನೆ. ಸಾಕ್ಷಿಗೆ ಕಂಪ್ಲಿಯಲ್ಲೊಂದು, ಹಂಪಿಯ ಕಡೆ ಒಂದು, ತೋರಣಗಲ್ಲಿನಲ್ಲೊಂದು, ಹೀಗೆ ಮೂರು ಮನೆಗಳವರು ಇನ್ನೂ ಸಿಟ್ಟಿನಲ್ಲಿದ್ದಾರೆ. ಅವರನ್ನೇ ಕೇಳಬಹುದು.

ಮಾಮ ಎಂದರೆ ನಮ್ಮವ್ವನ ತಮ್ಮ. ಹೊಸಪೇಟೆಯಿಂದ ಕಂಪ್ಲಿಗೆ ಓಡುವ ಒಂದು ಪ್ರೈವೇಟ್ ಬಸ್ಸಿನ ಕಂಡಕ್ಟರ್. ಹರೆಯದಿಂದಲೂ ಬಸ್ಸಿನ ಬಾಗಿಲಲ್ಲಿ ನಿಂತು ನಿಂತು, ಕೂರುವುದು ಹೇಗೆಂಬುದೇ ಅವನಿಗೆ ಮರೆತುಹೋಗಿದೆ. ಊಟಕ್ಕೆ ಕರೆದರೆ ತಟ್ಟೆ ಹಿಡಿದು ಅಂಗಳದಲ್ಲಿ ಓಡಾಡುತ್ತಾನೆ. ಟೀ ಕೊಟ್ಟರೆ ಒಂದು ಗುಟುಕು ಹಿತ್ತಲಲ್ಲಿ, ಇನ್ನೊಂದು ಗುಟುಕು ಬೀದಿಯಲ್ಲಿ. ಕಟಿಂಗ್ ಅಂಗಡಿಯವನು ಅವನಿಗೆ ನಿಲ್ಲಿಸಿಯೇ ಕ್ಷೌರ ಮಾಡುತ್ತಾನೆಂದು ನಮ್ಮ ಮನೆಯಲ್ಲೊಂದು ಸುದ್ದಿ ಇದೆ. ನಾನು ನೋಡಿಲ್ಲ, ಆದರೆ ಅವನ ತಲೆ ನೋಡಿದರೆ ನಂಬಬಹುದು!

ಇಂಥವನ ಕೈಗೆ ಒಂದು ಒಳ್ಳೆಯ ಫೋನು ಸಿಕ್ಕಿದರೆ ಏನಾಗಬೇಕು? ನಿಂತಲ್ಲಿ, ನಡೆದಲ್ಲಿ, ಸ್ಪೀಡು ಅಳೆಯಲು ಶುರುಮಾಡಿದ. ಒಂದು ಗುಂಡಿ ಒತ್ತಿದರೆ ಮುಳ್ಳು ಗಿರ್ರನೆ ತಿರುಗಿ ಇಳಿಯುವ ಸ್ಪೀಡು, ಏರುವ ಸ್ಪೀಡು ಎರಡನ್ನೂ ತೋರಿಸುವ ಆಪ್ ಇದೆಯಲ್ಲ, ಅದು ಅವನ ಕುಲದೇವರಾಯಿತು. ಹೊಸಪೇಟೆ-ಕಂಪ್ಲಿ ದಾರಿಯ ಅಂಗುಲ ಅಂಗುಲದ ನೆಟ್‌ವರ್ಕ್ ಅವನಿಗೆ ಬಾಯಿಪಾಠ. ಸ್ಟಾಪಿನ ಹೆಸರಿನ ಜೊತೆ ಅದನ್ನೂ ಕೂಗತೊಡಗಿದ.

"ಕಮಲಾಪುರ! ಇಳಿಯೋರು ಇಳೀರಿ! ಫೋರ್ ಜಿ ಮಸ್ತ್ ಐತಿ, ಮಾತಾಡೋರು ಜಲ್ದಿ ಮಾತಾಡ್ಕೊಳ್ರಿ! ಮುಂದ ಗುಡ್ಡ ಅಡ್ಡ ಬರ್ತಾವ, ಲೈನು ಕಟ್ ಆಗ್ತಾವ!"

ಜನ ಮೊದಮೊದಲು ನಕ್ಕರು. ಆಮೇಲೆ ಅದರ ಉಪಯೋಗ ಕಂಡುಕೊಂಡರು. ಒಂದು ದಿನ ಹಿಂದಿನ ಸೀಟಿನಲ್ಲಿ ಒಬ್ಬಾತ ಕಿವಿಗೆ ಫೋನು ಹಿಡಿದು ಬೆವರುತ್ತ ಕೂತಿದ್ದ. ಫೋನಿನ ಆ ಕಡೆ ಅವನ ಅತ್ತೆ ಇದ್ದಳಂತೆ. ಮೈಕಿನ ಜಾಗವನ್ನು ಅಂಗೈಯಿಂದ ಮುಚ್ಚಿ, ಸಣ್ಣ ದನಿಯಲ್ಲಿ ಕೇಳಿದ: "ಕಂಡಕ್ಟರಪ್ಪಾ, ಆ ಗುಡ್ಡ ಯಾವಾಗ ಬರ್ತಾವ?"

ನಗಬೇಡಿ. ಮಾಮನಿಗೆ ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಅವನಿಗೊಬ್ಬಳೇ ಮಗಳು, ನೀಲಾ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಬಾಯಿಮಾತೂ ಇಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಅದೂ ಎಂಥ ಮಾತು ಅಂತೀರಿ! ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಒಂದು ಸಂಜೆ ಆಡುವಷ್ಟನ್ನು ಅವಳೊಬ್ಬಳೇ ಒಂದು ಟೀ ಕುದಿಯುವುದರೊಳಗೆ ಆಡಿ ಮುಗಿಸುತ್ತಾಳೆ. ಜಗಳವಾದರೆ ಅವಳನ್ನು ಗೆಲ್ಲುವುದೂ ಕಷ್ಟ. ತಾನು ಹೇಳುವುದನ್ನೆಲ್ಲ ಹೇಳಿ ಕಣ್ಣು ಮುಚ್ಚಿಕೊಂಡುಬಿಟ್ಟರೆ ಮುಗಿಯಿತು, ನೀವು ಮುಂದೆ ಯಾರಿಗೆ ಉತ್ತರ ಕೊಡುತ್ತೀರಿ?

ಅವಳನ್ನು ಚಿಕ್ಕಂದಿನಲ್ಲಿ ಬಳ್ಳಾರಿಯ ಒಂದು ವಸತಿ ಶಾಲೆಗೆ ಹಾಕಿದ್ದರು. ಆಗ ಬರೀ ಮಾತಿನ ಫೋನುಗಳ ಕಾಲ. ಮಾಮ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ವಾರ್ಡನ್ನಮ್ಮ ಎತ್ತಿ "ಚೆನ್ನಾಗಿದ್ದಾಳೆ" ಎಂದು ಹೇಳಿ ಇಡುತ್ತಿದ್ದರು. ವರ್ಷಗಟ್ಟಲೆ ಅವನಿಗೆ ಮಗಳ ಸುದ್ದಿ ಎಂದರೆ ಬೇರೆಯವರ ಬಾಯಿಂದ ಬಂದ ಆ ಒಂದು ಮಾತು ಅಷ್ಟೇ.

ಆಮೇಲೆ ತ್ರೀ ಜಿ ಬಂತು, ಫೋನಿನಲ್ಲಿ ಮುಖ ಕಾಣತೊಡಗಿತು. ಒಂದು ಮಧ್ಯಾಹ್ನ ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಾಮ ವೀಡಿಯೋ ಕಾಲ್ ಹಚ್ಚಿದ. ನೀಲಾ ಬಂದಳು, ನಕ್ಕಳು, ಬಲಗೈಯನ್ನು ಎದೆಯ ಮೇಲಿಟ್ಟು ಎಡಗೈ ಎತ್ತಿದಳು. ಚಿತ್ರ ಅಲ್ಲಿಗೇ ನಿಂತುಹೋಯಿತು! ಕೈ ಎದೆಯ ಮೇಲೆ, ಬಾಯಿ ಅರ್ಧ ತೆರೆದದ್ದು. ಮಾಮ ಫೋನು ಅಲ್ಲಾಡಿಸಿದ, ಊದಿದ, ತಲೆಯ ಮೇಲೆ ಹಿಡಿದ. ಮಗಳು ಹಾಗೇ ನಿಂತಿದ್ದಾಳೆ. ಎದೆ ನೋವೇ? ಯಾರಾದರೂ ಹೊಡೆದರೇ? ಎದುರಿಗೆ ನಿಂತಿದ್ದ ಬಳ್ಳಾರಿ ಬಸ್ಸು ಹತ್ತಿ ಹೋಗೇಬಿಟ್ಟ. ಅವನ ಡ್ಯೂಟಿಯ ಬಸ್ಸು ಕಂಡಕ್ಟರ್ ಇಲ್ಲದೆ ಹೊಸಪೇಟೆಗೆ ಬಂತು. ಬಳ್ಳಾರಿಯಲ್ಲಿ ಓಡೋಡಿ ಹೋಗಿ ನೋಡಿದರೆ, ಮಗಳು ಬಾಗಿಲಿಗೆ ಬಂದು ತನ್ನ ಅರ್ಧಕ್ಕೆ ನಿಂತ ಮಾತನ್ನು ಕೈಯಲ್ಲಿ ಪೂರ್ತಿ ಮಾಡಿದಳು: ನನಗೆ ತಲೆಗೆ ಹಚ್ಚುವ ಎಣ್ಣೆ ಮುಗಿದಿದೆ!

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಮಾಮ ನಗಲಿಲ್ಲ. "ನಿಮ್ಮ ಮಾತು ನಡುವ ನಿಂತ್ರ ನೀವು ಹಲೋ ಹಲೋ ಅಂತೀರಿ. ನನ್ನ ಮಗಳ ಮಾತು ನಿಂತ್ರ ನಾ ಏನಂತ ಕೂಗ್ಲಿ?" ಎಂದ. ಮೆಸೇಜು ಮಾಡಬಹುದಲ್ಲ ಎಂದು ನಾನು ಜಾಣತನ ತೋರಿಸಿದೆ. ಅದನ್ನೂ ಮಾಡಿ ನೋಡಿದ್ದರಂತೆ. ಕೈಯಲ್ಲಿ ಒಂದು ಬಸ್ಸು ತುಂಬ ಮಾತಾಡುವ ಹುಡುಗಿ ಅಕ್ಷರದಲ್ಲಿ "ಊಟ ಆಯ್ತು" ಎಂದು ಬರೆದು ನಿಲ್ಲಿಸುತ್ತಿದ್ದಳು.

ಅಂದಿನಿಂದ ಮಾಮ ನೆಟ್‌ವರ್ಕಿನ ಪಂಡಿತನಾದ. ಅದರಲ್ಲೂ ಅಪ್‌ಲೋಡಿನ ಪಂಡಿತ. ಜಗತ್ತೆಲ್ಲ ಸಿನಿಮಾ ಎಷ್ಟು ಬೇಗ ಇಳಿಯುತ್ತದೆಂದು ಲೆಕ್ಕ ಹಾಕುತ್ತಿದ್ದರೆ ಇವನದೊಂದೇ ತಕರಾರು.

"ಇಳಿಯೋದು ನಲ್ವತ್ತು ಕೊಡ್ತಾರ, ಏರೋದು ಎರಡು! ಯಾಕ? ನಾವೇನು ಬರೇ ನೋಡಾಕ ಹುಟ್ಟೀವೇನು? ತೋರ್ಸಾಕೂ ಹುಟ್ಟೀವಿ! ಅಕಿ ಕೈ ಅಲ್ಲಿಂದ ಏರಿದ್ರಲ್ಲೇನು ನನಗಿಲ್ಲಿ ಇಳಿಯೋದು?"

ನಾನು ಶಾಲೆಯಲ್ಲಿ ಗಣಿತ ಹೇಳುವವಳು. ಈ ಲೆಕ್ಕದಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ.

ನೀಲಾ ಓದು ಮುಗಿಸಿ ಮನೆಗೆ ಬಂದಳು, ಗಂಡು ಹುಡುಕುವ ಕಾಲವೂ ಬಂತು. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ರೂಢಿ ಇದೆಯಲ್ಲ. ಹೋದವರು ಹೊಲ ನೋಡುತ್ತಾರೆ, ಬೋರಿನಲ್ಲಿ ನೀರು ನೋಡುತ್ತಾರೆ, ದನ ಎಷ್ಟೆಂದು ನೋಡುತ್ತಾರೆ. ನಮ್ಮ ಮಾಮ ಹುಡುಗಿಯನ್ನೇ ಕರೆದುಕೊಂಡು ಹೊರಟ! ಮನೆ ನೋಡಲು ಹುಡುಗಿಯನ್ನು ಕರೆದೊಯ್ಯುವುದುಂಟೇ ಎಂದು ಮಾಮನ ಹೆಂಡತಿ, ನಮ್ಮ ಅತ್ತೆ, ಬಾಯಿ ಬಾಯಿ ಬಡಿದುಕೊಂಡಳು. ಮಾಮ ಕಿವಿಗೆ ಹಾಕಿಕೊಳ್ಳಲಿಲ್ಲ. "ಅಡಗಿಮನ್ಯಾಗ ನಿಂತು ಟೆಸ್ಟಿಂಗ್ ಕಾಲ್ ಮಾಡಾಕ ಅಕಿ ಬೇಕಲ್ಲ?" ಎಂದ. ಹೀಗೆ ಮಾಮ, ನೀಲಾ, ಇವರಿಬ್ಬರ ನಡುವೆ ಮರ್ಯಾದೆ ಕಾಯಲೆಂದು ನಾನು, ಮೂವರೂ ಕಂಪ್ಲಿಯ ಹೊರಗಿನ ಒಂದು ಮನೆಗೆ ಹೋದೆವು.

ಒಳ್ಳೆಯ ಮನೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಬಂತು. "ಬರ್ರಿ, ಕುಂದ್ರಿ" ಎಂದು ಯಜಮಾನರು ಕರೆದರೆ ಮಾಮ ಕೂರಬೇಕಲ್ಲ? ಮಿರ್ಚಿ ಕಚ್ಚಿಕೊಂಡು ಬೀದಿಗೆ ಹೋದ. ಒಳಗೆ ನೀಲಾ ಒಲೆಯ ಪಕ್ಕ ಫೋನು ಒರಗಿಸಿಟ್ಟು, ಅದರ ಮುಂದೆ ನಿಂತು ಕೈ ಆಡಿಸತೊಡಗಿದಳು. ಗಂಡಿನ ತಾಯಿ ಇದೇನು ಗ್ರಹಚಾರವೆಂದು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಐದು ನಿಮಿಷಕ್ಕೆ ಮಾಮ ಒಳಗೆ ಬಂದ, ಮುಖ ಅರಳಿತ್ತು. ಏರುವ ಸ್ಪೀಡು ಚೆನ್ನಾಗಿದೆ! ಸಂಬಂಧ ಆಯಿತೆಂದೇ ನಾನು ಅಂದುಕೊಂಡೆ. ಅಷ್ಟರಲ್ಲಿ ಅವನ ಕಣ್ಣು ಹಿತ್ತಲ ಕಡೆ ಹೋಯಿತು.

"ಕಬ್ಬು ಎಷ್ಟು ತಿಂಗಳದು?"

"ಮೂರು ತಿಂಗಳದ್ರಿ" ಎಂದರು ಯಜಮಾನರು ಹೆಮ್ಮೆಯಿಂದ.

"ಕಡ್ಯೋ ಹೊತ್ತಿಗೆ ಎಷ್ಟು ಎತ್ತರ ಬರ್ತೈತ್ರಿ?"

"ಆಳಿನ ಮ್ಯಾಲ ಆಳು ನಿಂತಷ್ಟು!"

ಮಾಮನ ಮುಖ ಬಾಡಿತು. ಟವರು ಇರುವುದು ಕಬ್ಬಿನ ಆ ಕಡೆ. ಎಲೆ, ಜಲ್ಲೆಗಳಲ್ಲೆಲ್ಲ ನೀರು ತುಂಬಿರುತ್ತದೆ, ಆ ನೀರು ಸಿಗ್ನಲನ್ನು ನುಂಗುತ್ತದೆ ಎಂದು ಅವನೇ ನನಗೆ ಆಮೇಲೆ ಬಿಡಿಸಿ ಹೇಳಿದ. ಆದರೆ ಆ ಕ್ಷಣದಲ್ಲಿ ಅವನು ಯಜಮಾನರಿಗೆ ಹೇಳಿದ್ದು ಬೇರೆ.

"ಕಬ್ಬು ಬಿಟ್ಟು ಶೇಂಗಾ ಹಾಕ್ತೀರೇನ್ರಿ?"

ಕಂಪ್ಲಿಯಲ್ಲಿ, ಕಾಲುವೆಯ ನೀರು ಹರಿಯುವ ಹೊಲದಲ್ಲಿ, ಕಬ್ಬು ಬಿಟ್ಟು ಶೇಂಗಾ! ಯಜಮಾನರ ಮೀಸೆ ಅಲುಗಿದ್ದನ್ನು ನೋಡಿ ನಾನು ನನ್ನ ಕೈಚೀಲ ಹೆಗಲಿಗೆ ಹಾಕಿಕೊಂಡೆ.

ಹಂಪಿಯ ಕಡೆಯ ಮನೆಯಲ್ಲಿ ಅಷ್ಟೊತ್ತು ಹಿಡಿಯಲಿಲ್ಲ. ಮನೆಯ ಬೆನ್ನಿಗೇ ಮನೆಯ ಮೂರರಷ್ಟು ದೊಡ್ಡ ಕಲ್ಲುಗುಂಡು. ಆ ಸ್ಮಾರಕಗಳ ಪ್ರದೇಶದಲ್ಲಿ ಬೇಕಾದಲ್ಲಿ ಟವರ್ ನಿಲ್ಲಿಸಲೂ ಬಿಡುವುದಿಲ್ಲ. ಮಾಮ ಗುಂಡನ್ನು ಮೇಲಿಂದ ಕೆಳಗೆ ನೋಡಿ "ಇದನ್ನ ಸರಸಾಕ ಬರ್ತೈತೇನ್ರಿ?" ಎಂದು ಕೇಳಿದ. ಗಂಡಿನ ಅಜ್ಜ ತಣ್ಣಗೆ "ಇದನ್ನ ನಾವು ಇಟ್ಟಿದ್ದಲ್ರೀ" ಎಂದರು. ತೋರಣಗಲ್ಲಿನಲ್ಲಿ ಹುಡುಗ ಫ್ಯಾಕ್ಟರಿಯ ಕೆಲಸದಲ್ಲಿದ್ದ, ಮನೆಯ ಎದುರಿಗೇ ಟವರು. ಮಾಮ ಎರಡು ಸಲ ಅಳೆದು ಖುಷಿಪಟ್ಟ. ಆದರೆ ಶಿಫ್ಟು ಬಿಡುವವರೆಗೆ ಕಾಯೋಣ ಎಂದು ಹಟ ಹಿಡಿದ. ಶಿಫ್ಟು ಬಿಟ್ಟಿತು. ಬಸ್ಸು ಬಸ್ಸು ಜನ ಹೊರಗೆ ಬಂದು, ಎಲ್ಲರೂ ಒಟ್ಟಿಗೆ ಫೋನು ತೆಗೆದರು. ಮುಳ್ಳು ಕೆಳಗೆ ಬಂದು ಮಲಗಿತು. "ಅಳಿಯ ಮನಿಗೆ ಬರೋ ಹೊತ್ತಿಗೆ ನೆಟ್ಟು ಮನಿ ಬಿಡ್ತೈತಿ. ಬ್ಯಾಡ" ಎಂದು ಹೊರಟುಬಂದ.

ಅತ್ತೆಗೆ ತಡೆಯಲಾಗಲಿಲ್ಲ. "ಇವರಿಗೆ ಅಳಿಯ ಬ್ಯಾಡ, ಟವರ್ ಬೇಕು! ಯಾವುದಾರ ಛಲೋ ಟವರ್ ನೋಡಿ ಅದಕ್ಕ ಮಗಳನ್ನ ಕೊಟ್ಟುಬಿಡ್ರಿ!" ಎಂದು ಸೆರಗು ಝಾಡಿಸಿದಳು. ಮಾಮ ಅಂಗಳದಲ್ಲಿ ಇನ್ನೂ ಜೋರಾಗಿ ಓಡಾಡಿದ. ಅವನ ಹೆದರಿಕೆ ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೈಮಾತು ಬರದವರ ಮನೆಗೆ ಹೋಗಿ ಸೇರಿ, ಫೋನಿನಲ್ಲಿ ಚಿತ್ರವೂ ನಿಂತುಹೋದರೆ, ಆ ಹುಡುಗಿ ಯಾರ ಹತ್ತಿರ ಮಾತಾಡಬೇಕು?

ಕೊನೆಗೆ ಬಂದದ್ದು ಚೋರನೂರಿನ ಸಂಬಂಧ. ಸಂಡೂರು ದಾಟಿ ಬಸ್ಸು ಮುಂದೆ ಹೋದ ಹಾಗೆ ಫೋನಿನ ತಲೆಯ ಮೇಲಿನ ಫೋರ್ ಜಿ ಹೋಗಿ ಹೆಚ್ ಆಯಿತು, ಹೆಚ್ ಹೋಗಿ ಇ ಆಯಿತು, ಊರು ಬಂದಾಗ ಏನೂ ಇಲ್ಲ! ಮಾಮ ಬಸ್ಸಿನಿಂದ ಇಳಿದವನೇ, ಗಂಡಿನ ಮನೆಗೆ ಕಾಲಿಡದೆ, ಎದುರಿನ ಬೇವಿನ ಮರ ಹತ್ತಿದ. ಬೀಗರಾಗಬೇಕಾದವರು ಕೆಳಗೆ ಚೊಂಬಿನಲ್ಲಿ ನೀರು ಹಿಡಿದು ನಿಂತರು.

ಅವರದು ಹಿಟ್ಟಿನ ಗಿರಣಿ. ನಾನೂ ನೀಲಾಳೂ ಒಳಗೆ ಹೋದಾಗ ಗಿರಣಿ ಓಡುತ್ತಿತ್ತು. ಆ ಸದ್ದಿನಲ್ಲಿ ಯಾರ ಬಾಯಿ ಯಾರಿಗೆ ಕೇಳಬೇಕು? ಗಂಡಿನ ತಾಯಿ ಮೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದಳು. ಜೋಳ ತಂದವಳೊಬ್ಬಳಿಗೆ ಹೆಬ್ಬೆರಳು, ತೋರುಬೆರಳು ತಿಕ್ಕಿ ತೋರಿಸಿದಳು. ಸಣ್ಣಗೆ ಬೇಕೋ, ತರಿಯಾಗಿ ಬೇಕೋ? ಅವಳು ಬೆರಳಿನಲ್ಲೇ ಉತ್ತರ ಕೊಟ್ಟಳು. ಎಷ್ಟು ಸೇರು, ಯಾರ ಪಾಳಿ, ಚೀಲ ಯಾರದು, ಎಲ್ಲವೂ ಕೈಯಲ್ಲೇ. ನೀಲಾಳ ಕಣ್ಣುಗಳು ಅರಳಿದವು. ಆಕೆ ನಮ್ಮತ್ತ ತಿರುಗಿ, ಟೀಗೆ ಸಕ್ಕರೆ ಎಷ್ಟು ಎಂದು ಕೈಯಲ್ಲೇ ಕೇಳಿದಳು. ನೀಲಾ ಕೈಯಲ್ಲೇ ಹೇಳಿದಳು. ಆಮೇಲೆ ಇಬ್ಬರೂ ನಿಲ್ಲಲೇ ಇಲ್ಲ. ಹಿಟ್ಟಿನಿಂದ ತಲೆಗೂದಲೆಲ್ಲ ಬೆಳ್ಳಗಾದ ಒಬ್ಬ ಹುಡುಗ ಗಿರಣಿಯ ಬೆಲ್ಟು ಸರಿಮಾಡುವುದನ್ನು ಬಿಟ್ಟು ಬಂದು ಮಾತಿಗೆ ಸೇರಿಕೊಂಡ. ಅವನೇ ಗಂಡು! ಹುಡುಗಿಗೆ ಕಿವಿ ಕೇಳುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಗಿರಣಿ ನಿಂತ ಮೇಲೆ ಆ ತಾಯಿ ಹಣೆ ಚಚ್ಚಿಕೊಂಡು "ಅಯ್ಯ ನನ್ನವ್ವಾ, ಅದು ನನಗ ಮರ್ತಽ ಹೋಗಿತ್ತು ನೋಡು" ಎಂದಳು.

ಮಾಮ ಮರದಿಂದ ಇಳಿದು ತೀರ್ಪು ಕೊಟ್ಟ: "ತುದಿ ಟೊಂಗಿ ಮ್ಯಾಲ ಒಂದು ಕಡ್ಡಿ ಬರ್ತೈತಿ. ನನ್ನ ಮಗಳನ್ನ ಟೊಂಗಿ ಮ್ಯಾಲ ಕುಂದ್ರಿಸ್ಲಿ ಏನು? ಬ್ಯಾಡ."

ವಾಪಸು ಬರುವ ಬಸ್ಸಿನಲ್ಲಿ ನೀಲಾ ಅಪ್ಪನನ್ನು ತನ್ನ ಕಡೆ ತಿರುಗಿಸಿಕೊಂಡಳು. ಆ ಮನೆಯಲ್ಲಿ ಎಲ್ಲರೂ ನನ್ನ ಜೊತೆ ಮಾತಾಡುತ್ತಾರೆ, ನಾನು ಅಲ್ಲಿಗೇ ಹೋಗುತ್ತೇನೆ ಎಂದು ಕೈಯಲ್ಲಿ ಹೇಳಿದಳು. ಮಾಮ ಫೋನು ತೋರಿಸಿ ನಾವು ಹೇಗೆ ಮಾತಾಡುವುದು ಎಂದು ಕೇಳುವಷ್ಟರಲ್ಲಿ ಅವಳು ಕಣ್ಣು ಮುಚ್ಚಿಯಾಗಿತ್ತು. ಸಂಡೂರು ಬರುವವರೆಗೂ ತೆರೆಯಲಿಲ್ಲ.

ಮದುವೆಯಾಯಿತು. ಎರಡು ವರ್ಷ ಮಾಮ ಪಟ್ಟ ಪಾಡು ಹೇಳತೀರದು. ಮಗಳು ಗಿರಣಿಯ ಮಾಳಿಗೆ ಹತ್ತಿ ಫೋನು ಹಚ್ಚಿದರೂ ಅವಳ ಒಂದು ಕೈ ಈಗ ಬರುತ್ತಿತ್ತು, ಇನ್ನೊಂದು ಕೈ ಎರಡು ನಿಮಿಷ ಬಿಟ್ಟು ಬರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ರಜೆ ಹಾಕಿ ಚೋರನೂರಿಗೆ ಓಡುತ್ತಿದ್ದ. ಓಡಿ ಹೋಗಿ ಮಾಡುತ್ತಿದ್ದದ್ದೇನು? ಮಗಳ ಮುಂದೆ ಕೂತು ಮಾತಾಡುತ್ತಿದ್ದನೇ? ಎಲ್ಲಿಯ ಮಾತು! ನೀರಿನ ಟ್ಯಾಂಕು ಹತ್ತಿದ, ಶಾಲೆಯ ಮಾಳಿಗೆ ಹತ್ತಿದ, ಅವರಿವರ ಬಣವೆಯನ್ನೂ ಬಿಡಲಿಲ್ಲ. ನಾನು ಒಂದೆರಡು ಸಲ ಜೊತೆಗೆ ಹೋಗಿದ್ದೆ. ನೀಲಾ ರೊಟ್ಟಿ ಬಡಿದಿಟ್ಟು ಬಾಗಿಲಲ್ಲಿ ಕಾಯುತ್ತಿದ್ದಳು. ಇವನು ಬಂದವನು ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಫೋನು ಹಿಡಿದು "ಇವತ್ತು ಅರ್ಧ ಕಡ್ಡಿ ಹೆಚ್ಚಿಗಿ ಬಂತು" ಎಂದು ಪರದೆ ತೋರಿಸುತ್ತಿದ್ದ. ಅಷ್ಟರಲ್ಲಿ ಬಸ್ಸು ಬರುತ್ತಿತ್ತು.

ಹೋದ ವರ್ಷ ಚೋರನೂರಿನ ರಸ್ತೆಯ ಪಕ್ಕ ಕೇಬಲ್ಲಿಗಾಗಿ ತಗ್ಗು ತೋಡತೊಡಗಿದರು. ಮಾಮ ರಜೆಯ ದಿನವೆಲ್ಲ ಅಲ್ಲೇ. ಕೆಲಸದವರಿಗೆ ಮಜ್ಜಿಗೆ ಹಂಚಿದ, ಪ್ರಶ್ನೆ ಕೇಳಿ ಕೇಳಿ ಅವರ ಜೀವ ತಿಂದ. ಸಂಜೆ ಬಂದು ನಮಗೆ ಪಾಠ ಒಪ್ಪಿಸುತ್ತಿದ್ದ.

"ಅದು ತಂತಿ ಅಲ್ಲವ್ವಾ, ಗಾಜು! ಕೂದಲಿನಷ್ಟು ಸಣ್ಣ ಗಾಜು. ಅದರಾಗ ಬೆಳಕು ಓಡ್ತೈತಿ. ಟವರ್‌ಗೆ ಈ ಗಾಜು ಮುಟ್ಟಿದ್ರ ಮುಗೀತು, ಫೈವ್ ಜಿ! ಮೊದಲು ಟವರ್ ಎಲ್ಲಾರಿಗೂ ಸೇರ್ಸಿ ಒಮ್ಮೆ ಕೂಗ್ತಿತ್ತು. ಇದು ಹಂಗಲ್ಲ. ನೀ ಎಲ್ಲಿ ನಿಂತೀದಿ ನೋಡಿ, ನಿನ್ನ ಕಡೀಗೇ ತಿರುಗಿ ನಿನಗೇ ಹೇಳ್ತೈತಿ!"

"ಹಂಗಾರ ನಿನಗ ಸಿಗೋದು ಕಷ್ಟ ಐತಿ ಮಾಮಾ" ಎಂದೆ ನಾನು. "ನೀ ಒಂದು ಕಡೆ ನಿಂತ್ರಲ್ಲೇನು?"

ಚೋರನೂರಿನ ಹೊಸ ಟವರು ಶುರುವಾದ ದಿನ ಮಾಮ ಬೆಳಿಗ್ಗೆಯೇ ನಮ್ಮ ಮನೆಗೆ ಬಂದ. ಹೊಸ ಅಂಗಿ ಬೇರೆ ಹಾಕಿದ್ದ! ನೀಲಾ ಅಲ್ಲಿಂದ ಅಳತೆ ಮಾಡಿ ಫೋಟೋ ಕಳಿಸಿದಳು. ಏರುವ ಸ್ಪೀಡನ್ನು ನೋಡಿ ಮಾಮ ಅಂಗಳದಲ್ಲಿ ಎರಡು ಸುತ್ತು ಹಾಕಿದ. ಆಮೇಲೆ ಕಾಲ್ ಹಚ್ಚಿದ.

ಎಂಥ ಚಿತ್ರ! ಗಿರಣಿಯ ಬಾಗಿಲು, ಅವಳ ಹುಬ್ಬಿನ ಮೇಲಿನ ಹಿಟ್ಟು, ಎಲ್ಲ ಎದುರಿಗೇ ಇದ್ದ ಹಾಗಿತ್ತು. ನೀಲಾ ಮಾತಾಡತೊಡಗಿದಳು. ಕೈಗಳು ಸರಸರ ಹರಿದವು, ಎಲ್ಲೂ ನಿಲ್ಲಲಿಲ್ಲ, ಎಲ್ಲೂ ತಡವರಿಸಲಿಲ್ಲ. ಮಾಮ ಕಣ್ಣು ಕಿರಿದು ಮಾಡಿದ. ಫೋನು ಹತ್ತಿರ ತಂದ, ದೂರ ಹಿಡಿದ, ಅಂಗಳದ ಈ ಮೂಲೆಗೆ ಬಂದ, ಆ ಮೂಲೆಗೆ ಹೋದ.

"ನೆಟ್ಟು ಸರಿಯಿಲ್ಲ" ಎಂದ.

ನಾನು ಹಣಿಕಿ ನೋಡಿದೆ. "ಮಾಮಾ, ನೆಟ್ಟು ಭಾಳ ಛಲೋ ಐತಿ."

"ಮತ್ತ ನನಗ್ಯಾಕ ತಿಳೀವಲ್ದು?"

ಎರಡು ವರ್ಷ ಆ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಗಿರಣಿಯಲ್ಲಿ ನಿಂತು ಊರಿನವರ ಜೊತೆಯೆಲ್ಲ ಮಾತಾಡಿದ್ದಳು. ಅವಳ ಕೈಗೆ ಹೊಸ ಮಾತುಗಳು ಬಂದಿದ್ದವು, ಹೊಸ ಓಟ ಬಂದಿತ್ತು. ಮಾಮ ಆ ಎರಡು ವರ್ಷವೂ ಕಡ್ಡಿ ಎಣಿಸಿದ್ದ, ಮಗಳ ಕೈಯನ್ನು ನೋಡಿರಲಿಲ್ಲ. ಅವನಿಗೂ ಅದು ಹೊಳೆಯಿತೆಂದು ಕಾಣುತ್ತದೆ. ಮೆಲ್ಲಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಮಾಮ ಕೂತ! ಅಂಗೈಯನ್ನು ಕೆಳಗೆ ಮಾಡಿ ಮೆತ್ತಗೆ ಒತ್ತಿದ ಹಾಗೆ ಮಾಡಿದ. ನಿಧಾನವಾಗಿ ಹೇಳು ಎಂದು ಅದರ ಅರ್ಥ. ಸ್ಪೀಡು ಸ್ಪೀಡು ಎಂದು ಊರೆಲ್ಲ ಅಲೆದ ಮನುಷ್ಯ ಕೊನೆಗೆ ಕೇಳಿದ್ದು ಇದನ್ನು!

ನೀಲಾಳ ಕೈಗಳು ನಿಂತವು. ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹಾಗೆ, ಒಂದೊಂದೇ ಮಾತು ಬಿಡಿಸಿ, ಮೊದಲಿನಿಂದ ಹೇಳಿದಳು. ಈ ಸಲ ನನಗೂ ತಿಳಿಯಿತು.

ಭಾನುವಾರ ಬಾ. ಫೋನು ಬೇಡ. ನೀನು ಯಾವಾಗಲೂ ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಮಾತಾಡುತ್ತಿ, ನನಗೆ ಅರ್ಧ ಮಾತು ಸಿಗುತ್ತದೆ. ಎರಡೂ ಕೈ ತೆಗೆದುಕೊಂಡು ಬಾ.

ಮಾಮ ತನ್ನ ಎಡಗೈಯನ್ನೇ ನೋಡಿಕೊಂಡ. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಅವಳಿಗೆ ತಾನು ಪೂರ್ತಿ ಕಾಣುವ ಹಾಗೆ ಎದುರಿಗೆ ಸರಿದು ಕೂತು, ಎರಡೂ ಕೈ ಎತ್ತಿ ಉತ್ತರ ಹೇಳತೊಡಗಿದ. ಏನು ಹೇಳಿದನೋ ನಾನು ನೋಡಲಿಲ್ಲ. ನನ್ನ ಕಣ್ಣುಗಳು ಮಂಜಾಗಿದ್ದವು, ಫೋನು ಅಲುಗದ ಹಾಗೆ ಹಿಡಿಯುವುದೇ ನನಗೆ ದೊಡ್ಡ ಕೆಲಸವಾಗಿತ್ತು.